ಅರಮನೆಯಲ್ಲಿ ಅಮ್ಮ ಕೇಳಿದ ಪ್ರಶ್ನೆಗಳು

— ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೇನೆ. ಎಂಬತ್ತರ ಹತ್ತಿರ ಬಂದರು. ಅರಮನೆ ನೋಡಬೇಕು ಅಂತ ಬಹಳ ದಿನದಿಂದ ಹೇಳುತ್ತಿದ್ದಾರೆ. ನನಗೆ ಸಿಗುವುದು ಒಂದೇ ದಿನ. ಬೆಳಿಗ್ಗೆ ದೊಡ್ಡ ಅರಮನೆ, ಆಮೇಲೆ ಜಗನ್ಮೋಹನ, ಮೃಗಾಲಯ, ಬೆಟ್ಟ, ಸಂಜೆಗೆ ಬೃಂದಾವನ. ನಿಮ್ಮ ತಾಯಿಯ ಜೊತೆ ನೀವು ಹೋಗಿಬಂದವರು. ಇದು ಆಗುತ್ತದೆಯೇ?

— ಕಾರಿಗೆ ಆಗುತ್ತದೆ, ಮಂಡಿಗೆ ಆಗುವುದಿಲ್ಲ. ದೊಡ್ಡ ಅರಮನೆ ಒಂದನ್ನು ಇಟ್ಟುಕೊಳ್ಳಿ. ಮಧ್ಯಾಹ್ನ ಉಂಡು ಮಲಗಿ ಎದ್ದ ಮೇಲೆ ಅವರಿಗೇ ಮನಸ್ಸಾದರೆ ಜಗನ್ಮೋಹನ. ಭಾನುವಾರವಾಗಿದ್ದರೆ ರಾತ್ರಿ ದೀಪಾಲಂಕಾರ. ಮಿಕ್ಕದ್ದೆಲ್ಲ ಇನ್ನೊಂದು ಸಲಕ್ಕೆ.

— ಅಷ್ಟು ದೂರ ಹೋಗಿ ಒಂದು ಕಟ್ಟಡ ನೋಡಿ ಬರುವುದೇ?

— ಆ ಕಟ್ಟಡದೊಳಗೆ ಎಷ್ಟಿದೆ ಅಂತ ನಾನು ತಿಳಿದದ್ದೇ ಅಮ್ಮನ ಜೊತೆ ಹೋದಾಗ. ಅದಕ್ಕೆ ಮುಂಚೆ ಶಾಲೆಯ ಪ್ರವಾಸದಲ್ಲಿ ಹೋಗಿದ್ದೆ, ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿದ್ದೆ. ಜನರ ನೂಕಿನಲ್ಲಿ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬಂದಿದ್ದೆ. ಅಮ್ಮ ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದರು. ಅವರು ನಿಂತಲ್ಲಿ ನಾನೂ ನಿಲ್ಲಬೇಕಾಯಿತು. ನಿಂತಾಗ ಅವರು ಪ್ರಶ್ನೆ ಕೇಳುತ್ತಿದ್ದರು, ಅಥವಾ ತಮಗೆ ಗೊತ್ತಿದ್ದದ್ದನ್ನು ಹೇಳುತ್ತಿದ್ದರು. ಆ ದಿನದ ಲಾಭವೆಲ್ಲ ಅದರಲ್ಲೇ ಇತ್ತು.

— ಎಂಥ ಪ್ರಶ್ನೆ?

— ಮನೆಯ ಪ್ರಶ್ನೆ. ಗೈಡುಗಳು ಚಿನ್ನದ ತೂಕ ಹೇಳುತ್ತಾರೆ, ಕಂಬದ ಎತ್ತರ ಹೇಳುತ್ತಾರೆ. ಅಮ್ಮ ಕೇಳಿದ್ದು ಬೇರೆ. ‘ಇಷ್ಟು ಗಾಜು ಒರೆಸೋರು ಯಾರು? ಹೆಂಗಸರು ಎಲ್ಲಿ ಕೂರ್ತಿದ್ರು? ಈ ಮನೆ ಕಟ್ಟಿಸೋವಾಗ ಮಕ್ಕಳು ಎಲ್ಲಿದ್ರು?’ ಕೊನೆಯ ಪ್ರಶ್ನೆ ಕೇಳಿದಾಗ ನಾನು ಬೆರಗಾಗಿ ನಿಂತೆ. ಏಕೆಂದರೆ ಆ ಅರಮನೆಯ ಕಥೆ ಶುರುವಾಗುವುದೇ ಅಲ್ಲಿಂದ.

— ಅಂದರೆ?

— ಈಗ ನಾವು ನೋಡುವ ಅರಮನೆಯ ಜಾಗದಲ್ಲಿ ಮೊದಲು ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಆಗ ರಾಜ್ಯ ನಡೆಸುತ್ತಿದ್ದವರು ಮದುಮಗಳ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಅವರ ಪತಿ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋದವರು ಅಲ್ಲೇ ತೀರಿಕೊಂಡಿದ್ದರು. ಹಿರಿಯ ಮಗ ಕೃಷ್ಣರಾಜನಿಗೆ, ಅಂದರೆ ಮುಂದಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೆ, ಆಗ ಹತ್ತು ವರ್ಷ. ಇನ್ನೊಬ್ಬ ಮಗ, ಮೂವರು ಹೆಣ್ಣುಮಕ್ಕಳು. ಮೂವತ್ತು ತುಂಬುವ ಮೊದಲೇ ವಿಧವೆಯಾದ ಆ ಹೆಣ್ಣುಮಗಳು ಮಗ ಪ್ರಾಯಕ್ಕೆ ಬರುವ ತನಕ, 1902ರವರೆಗೆ, ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದರು. ಮಗಳ ಮದುವೆ, ಸುಟ್ಟ ಮನೆ, ಓದುವ ವಯಸ್ಸಿನ ಮಗ, ಒಂದು ಇಡೀ ಸಂಸ್ಥಾನ, ಎಲ್ಲ ಒಬ್ಬರ ಕೈಯಲ್ಲಿ. ಹೊಸ ಅರಮನೆ ಕಟ್ಟಿಸುವ ತೀರ್ಮಾನ ಅವರದು. ವಾಸ್ತುಶಿಲ್ಪಿಯಾಗಿ ಹೆನ್ರಿ ಇರ್ವಿನ್ ಅವರನ್ನು ನೇಮಿಸಿದರು. ಶಿಮ್ಲಾದಲ್ಲಿ ವೈಸರಾಯರ ಬಂಗಲೆ ಕಟ್ಟಿದವರು ಅವರೇ. ಕೆಲಸ 1912ರಲ್ಲಿ ಮುಗಿಯಿತು.

— ಅಷ್ಟು ವರ್ಷ ರಾಜಮನೆತನ ಎಲ್ಲಿ ವಾಸವಾಗಿತ್ತು?

— ಜಗನ್ಮೋಹನ ಅರಮನೆಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಒಪ್ಪಿಸಲು ಲಾರ್ಡ್ ಕರ್ಜನ್ ಬಂದದ್ದೂ ಅಲ್ಲಿಗೇ. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನೆ ಕಟ್ಟಿಸಿದೋಳಿಗೆ ಗೃಹಪ್ರವೇಶದ ಹೊತ್ತಿಗೆ ಎಷ್ಟು ಕೂದಲು ನೆರೆತಿತ್ತೋ’ ಅಂದರು. ತಾವೂ ಒಬ್ಬರೇ ನಿಂತು ಮನೆ ಕಟ್ಟಿಸಿದವರು. ಇಟ್ಟಿಗೆಯ ಲೆಕ್ಕ, ಮೇಸ್ತ್ರಿಯ ಜೊತೆ ಮಾತುಕತೆ, ಮಳೆಗೆ ಮುಂಚೆ ತಾರಸಿ ಆಗಬೇಕೆಂಬ ಆತಂಕ, ಎಲ್ಲ ಕಂಡವರು. ಅವರಿಗೆ ಕೆಂಪನಂಜಮ್ಮಣ್ಣಿ ಮಹಾರಾಣಿಯಾಗಿ ಕಾಣಲಿಲ್ಲ, ಇನ್ನೊಬ್ಬ ಮನೆಯೊಡತಿಯಾಗಿ ಕಂಡರು.

— ಹಾಗಾದರೆ ಮೊದಲು ಕಥೆ ಹೇಳಿ ಆಮೇಲೆ ಒಳಗೆ ಕರೆದುಕೊಂಡು ಹೋಗಬೇಕು ಅನ್ನಿ.

— ಹೊರಗೆ ನೆರಳಿನಲ್ಲಿ ಕೂತಾಗಲೇ ಇಷ್ಟು ಹೇಳಿಬಿಡಿ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೇ ಅಲ್ಲಿರಿ. ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಪಾದರಕ್ಷೆ ಹೊರಗೆ ಬಿಡಬೇಕು. ಹನ್ನೊಂದು ದಾಟಿದರೆ ಅಂಗಳದ ಕಲ್ಲು ಕಾಯುತ್ತದೆ, ಅದಕ್ಕೆ ದಪ್ಪನೆಯ ಕಾಲುಚೀಲ ಇರಲಿ. ಗಾಲಿಕುರ್ಚಿ ಸಿಗುತ್ತದೆಯೇ ಅಂತ ಬಾಗಿಲಲ್ಲೇ ವಿಚಾರಿಸಿ. ಕೆಲವು ಹಿರಿಯರಿಗೆ ಅದರಲ್ಲಿ ಕೂರುವುದು ಅವಮಾನ ಅನಿಸುತ್ತದೆ, ಆದ್ದರಿಂದ ಹಿಂದಿನ ದಿನವೇ ಮಾತಾಡಿಕೊಳ್ಳಿ. ದಸರೆ, ಕ್ರಿಸ್‌ಮಸ್ ರಜೆಯ ವಾರಗಳು ಬೇಡ. ನೀರು, ಮಾತ್ರೆ, ಒಂದು ಬಾಳೆಹಣ್ಣು ಕೈಚೀಲದಲ್ಲಿರಲಿ. ವ್ಯವಸ್ಥೆಯ ಮಾತು ಇಷ್ಟೇ.

— ಒಳಗೆ ಮೊದಲು ಸಿಗುವುದು ಗೊಂಬೆ ತೊಟ್ಟಿ ಅಲ್ಲವೇ?

— ಹೌದು. ಅಲ್ಲಿ ಅವಸರ ಮಾಡಬೇಡಿ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಸಂಪ್ರದಾಯದ ಅರಮನೆಯ ರೂಪ ಅದು. ನಮ್ಮ ಮನೆಗಳಲ್ಲಿ ಪಟ್ಟದ ಗೊಂಬೆ ಇರುತ್ತದಲ್ಲ, ಮರದ ರಾಜ ರಾಣಿ? ಮಗಳ ಮದುವೆಯಲ್ಲಿ ತಾಯಿ ಕೊಟ್ಟು ಕಳಿಸುವ ಜೋಡಿ? ಅಮ್ಮನಿಗೆ ಅವರ ಅಮ್ಮ ಕೊಟ್ಟದ್ದು ಈಗಲೂ ನಮ್ಮಲ್ಲಿದೆ. ಗಾಜಿನ ಹಿಂದಿನ ಗೊಂಬೆಗಳನ್ನು ನೋಡುತ್ತ ಅವರು ಪಾಡ್ಯದ ದಿನ ತಮ್ಮ ತವರಿನಲ್ಲಿ ಹಲಗೆ ಜೋಡಿಸುತ್ತಿದ್ದದ್ದು, ಪಟ್ಟದ ಗೊಂಬೆಗೆ ಪ್ರತಿ ವರ್ಷ ಹೊಸ ಜರಿಯ ತುಂಡು ಉಡಿಸುತ್ತಿದ್ದದ್ದು, ಗೊಂಬೆ ಬಾಗಿನಕ್ಕೆ ಬರುವ ಕೇರಿಯ ಮಕ್ಕಳಿಗಾಗಿ ಅಜ್ಜಿ ಕೊಬ್ಬರಿ ಸಕ್ಕರೆ ಕಟ್ಟಿಡುತ್ತಿದ್ದದ್ದು, ಎಲ್ಲ ಹೇಳಿದರು. ಯಾವ ಹಲಗೆಯ ಮೇಲೆ ಯಾವ ಗೊಂಬೆ, ಯಾರ ಪಕ್ಕ ಯಾರು ಅನ್ನುವುದಕ್ಕೆ ಒಂದು ಕ್ರಮ ಇತ್ತಂತೆ. ನಾನು ಆ ಮನೆಯಲ್ಲೇ ಬೆಳೆದರೂ ಅದನ್ನು ಕೇಳಿದ್ದು ಅರಮನೆಯಲ್ಲಿ.

— ಅರಸರ ಹಬ್ಬ ಜನರ ಹಬ್ಬವಾಯಿತೋ, ಜನರದ್ದನ್ನು ಅರಸರು ದೊಡ್ಡದು ಮಾಡಿದರೋ?

— ಎರಡೂ ಒಂದನ್ನೊಂದು ಬೆಳೆಸಿದವು ಅಂತ ನನಗೆ ತೋರುತ್ತದೆ. ಪಟ್ಟದ ಗೊಂಬೆಯಲ್ಲಿ ಪ್ರತಿ ಮನೆಗೂ ಒಬ್ಬ ರಾಜ, ಒಬ್ಬ ರಾಣಿ. ಅರಮನೆಯಲ್ಲಿ ಖಾಸಾ ದರ್ಬಾರು ನಡೆಯುವ ಒಂಬತ್ತು ದಿನ ಹಳ್ಳಿಯ ನಡುಮನೆಯಲ್ಲೂ ಪುಟ್ಟ ದರ್ಬಾರು. ಗೊಂಬೆ ತೊಟ್ಟಿಯ ಹತ್ತಿರವೇ ತೋಪುಗಳನ್ನೂ ಇಟ್ಟಿದ್ದಾರೆ. ಜಂಬೂಸವಾರಿ ಹೊರಡುವಾಗ ಇಪ್ಪತ್ತೊಂದು ಕುಶಾಲು ತೋಪು ಹಾರಿಸುವುದು ಇವುಗಳಿಂದ. ಅಮ್ಮ ಅವುಗಳ ಮುಂದೆ ನಿಂತು ನಕ್ಕರು. ಪಾಂಡವಪುರದ ಕಡೆಯ ಹಳ್ಳಿಯಿಂದ ಅವರಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ದಸರೆಗೆ ಬಂದಿದ್ದರಂತೆ. ಮೊದಲ ತೋಪಿಗೆ ಬೆದರಿ ಅಪ್ಪನ ರುಮಾಲನ್ನೇ ಹಿಡಿದುಕೊಂಡಿದ್ದರಂತೆ. ಅಪ್ಪನ ಹೆಗಲ ಮೇಲಿಂದ ಅಂಬಾರಿ ನೋಡಿದ್ದು.

— ಅಂಬಾರಿಯಲ್ಲಿ ಆಗ ಮಹಾರಾಜರೇ ಕೂರುತ್ತಿದ್ದರು.

— ಜಯಚಾಮರಾಜ ಒಡೆಯರು. ರಾಜ್ಯ ಪ್ರಜಾಪ್ರಭುತ್ವಕ್ಕೆ ಸೇರಿದ ಮೇಲೂ ಬಹಳ ವರ್ಷ ಆ ಪದ್ಧತಿ ಮುಂದುವರಿಯಿತು. 1971ರಲ್ಲಿ ರಾಜಧನ ರದ್ದಾದ ಆಸುಪಾಸಿನಲ್ಲಿ ನಿಂತಿತು. ಈಗ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿ. ಅಂಬಾರಿಯ ತೂಕ ಸುಮಾರು 750 ಕಿಲೋ. ಮರದ ಚೌಕಟ್ಟಿಗೆ ಬಂಗಾರದ ತಗಡು ಹೊದಿಸಿದ್ದು. ಅದರಲ್ಲಿ ಅರಸರು ಕೂತದ್ದನ್ನು ಕಣ್ಣಾರೆ ಕಂಡವರಲ್ಲಿ ತೀರ ಚಿಕ್ಕವರಿಗೂ ಈಗ ಅರವತ್ತು ಆಗಿರುತ್ತದೆ. ಚೆನ್ನಾಗಿ ನೆನಪಿರುವವರು ನಿಮ್ಮ ತಾಯಿ, ನನ್ನ ತಾಯಿಯ ವಯಸ್ಸಿನವರು. ಒಮ್ಮೆ ಯೋಚಿಸಿ ನೋಡಿ. ನಾವು ‘ಅಮ್ಮನಿಗೆ ಅರಮನೆ ತೋರಿಸುತ್ತೇವೆ’ ಅನ್ನುತ್ತೇವೆ. ಅದು ಬದುಕಿದ್ದಾಗ ನೋಡಿದವರು ಅವರು.

— ಕಲ್ಯಾಣ ಮಂಟಪ ನನಗೆ ಚೆನ್ನಾಗಿ ನೆನಪಿದೆ. ನವಿಲಿನ ಗಾಜಿನ ಚಾವಣಿ.

— ಅಲ್ಲಿ ಕತ್ತೆತ್ತಿ ಬಹಳ ಹೊತ್ತು ನೋಡಿದರೆ ಹಿರಿಯರಿಗೆ ತಲೆ ಸುತ್ತು ಬರಬಹುದು, ತೋಳು ಹಿಡಿದಿರಿ. ಎಂಟು ಮೂಲೆಯ ಮಂಟಪ. ಸುತ್ತಲೂ ಎರಕದ ಕಬ್ಬಿಣದ ಕಂಬಗಳು, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಹಳೆಯ ಅರಮನೆ ಮರದ್ದಾಗಿ ಸುಟ್ಟಿತ್ತು. ಹೊಸದಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣವನ್ನು ಆರಿಸಿಕೊಂಡರು. ಇದನ್ನು ಹೇಳಿದ ಕೂಡಲೇ ಅಮ್ಮ, ‘ಮದುವೇಲಿ ಸುಟ್ಟ ಮನೇಲಿ ಮತ್ತೆ ಮದುವೆ ಮಂಟಪ ಕಟ್ಟೋಕೆ ಗಟ್ಟಿ ಎದೆ ಬೇಕು’ ಅಂದರು. ಕಂಬ, ಗಾಜುಗಳ ಬಗ್ಗೆ ನಾನು ಓದಿದ್ದೆ. ಅವುಗಳ ಹಿಂದಿನ ಎದೆಗಾರಿಕೆ ನನಗೆ ಕಂಡಿರಲಿಲ್ಲ. ಹೆಂಗಸರು ಎಲ್ಲಿ ಕೂರುತ್ತಿದ್ದರು ಅನ್ನುವ ಅವರ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಮೇಲಿನ ಮೊಗಸಾಲೆಗಳಿಂದ ಅಂತಃಪುರದವರು ಸಮಾರಂಭ ನೋಡುತ್ತಿದ್ದರು. ಅಮ್ಮ ಮೇಲೆ ನೋಡಿ ಲೆಕ್ಕ ಹಾಕಿದರು: ಅಲ್ಲಿಂದ ಮದುಮಕ್ಕಳ ತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ.

— ಆ ಗೋಡೆಗಳ ಮೇಲೇ ಅಲ್ಲವೇ ದಸರೆಯ ಚಿತ್ರಗಳಿರುವುದು?

— ಇಪ್ಪತ್ತಾರು ಚಿತ್ರಗಳು, ಇಡೀ ಮೆರವಣಿಗೆ. ಮೈಸೂರಿನ ಕಲಾವಿದರೇ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು 1930ರ ದಶಕದಿಂದ ವರ್ಷಗಟ್ಟಲೆ ಬರೆದದ್ದು. ಅದರಲ್ಲಿರುವ ಮುಖಗಳು ಕಲ್ಪನೆಯವಲ್ಲ, ಆ ದಿನ ಬೀದಿಯಲ್ಲಿ ನಡೆದವರವು. ಹೆಚ್ಚಿನ ಜನ ಹಾದುಹೋಗುತ್ತ ಒಮ್ಮೆ ಕಣ್ಣಾಡಿಸುತ್ತಾರೆ. ಅಮ್ಮ ಒಂದೊಂದನ್ನೂ ಓದಿದರು. ಇದು ದರ್ಬಾರು ಉಡುಪು ನೋಡು, ಕಪ್ಪು ನಿಲುವಂಗಿ, ಬಿಳಿ ಷರಾಯಿ, ಜರಿಪೇಟ. ಇದು ಪಟ್ಟದಾನೆ. ಇವರು ವಾದ್ಯದವರು. ಅವರ ಬೆರಳು ಒಂದು ಕಡೆ ನಿಂತಿತು. ಮೆರವಣಿಗೆ ಬಿಟ್ಟು ಅದನ್ನು ನೋಡಲು ನೆರೆದ ಜನರ ಮೇಲೆ. ‘ನಾವು ಇಲ್ಲಿರೋರು’ ಅಂದರು. ಮುಂದೆ ಹೋಗಲು ಅವರಿಗೆ ಮನಸ್ಸೇ ಇರಲಿಲ್ಲ. ಇಡೀ ಅರಮನೆಯಲ್ಲಿ ಪ್ರಜೆಗಳ ಮುಖವಿರುವ ಗೋಡೆ ಅದು.

— ಒಂದು ಮಾತು ಕೇಳಲೇ? ಇಷ್ಟು ವೈಭವವನ್ನು ಮನಸ್ಸು ಪೂರ್ತಿ ಒಪ್ಪುವುದಿಲ್ಲ ನನಗೆ. ಅರಮನೆಗೆ ಖರ್ಚಾದದ್ದು 41 ಲಕ್ಷಕ್ಕೂ ಮೇಲೆ. ಕೆಲಸ ಶುರುವಾದ ಮರುವರ್ಷವೇ, 1898ರಲ್ಲಿ, ಸಂಸ್ಥಾನಕ್ಕೆ ಪ್ಲೇಗು ಬಂತು. ಜನ ಊರು ಬಿಟ್ಟು ಗುಡಿಸಲು ಹಾಕಿಕೊಂಡ ಕಾಲ. ಆ ಹಣ ಯಾರದು?

— ಕಂದಾಯ ಕಟ್ಟಿದವರದು. ನಿಮ್ಮ ನಮ್ಮ ಮುತ್ತಜ್ಜಂದಿರದು. ಈ ಪ್ರಶ್ನೆಯನ್ನು ಬಿಡಬೇಡಿ, ಅರಮನೆಯೊಳಗೆ ನಿಂತೇ ಕೇಳಿ. ಆದರೆ ಅದೇ ಕೆಂಪನಂಜಮ್ಮಣ್ಣಿಯವರ ಆಡಳಿತದ ಇನ್ನುಳಿದ ಲೆಕ್ಕವನ್ನೂ ಪಕ್ಕದಲ್ಲಿಡಿ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟೆ ಕಟ್ಟುವ ಕೆಲಸ ಶುರುವಾದದ್ದು ಅವರ ಕಾಲದಲ್ಲಿ. 1907ರಲ್ಲಿ ಮುಗಿದ ಆ ಜಲಾಶಯಕ್ಕೆ ಅವರದೇ ಹೆಸರು, ವಾಣಿವಿಲಾಸ ಸಾಗರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಶಿವನಸಮುದ್ರದ ವಿದ್ಯುತ್ ಯೋಜನೆಗೆ ಒಪ್ಪಿಗೆ ಕೊಟ್ಟ ಆಡಳಿತವೂ ಅದೇ. 1902ರಲ್ಲಿ ಅಲ್ಲಿಂದ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಕರೆಂಟು ಬಂತು. ಅರಮನೆಯನ್ನು ಮಾತ್ರ ನೋಡಿ ಹೊಗಳಿದರೂ ಅರ್ಧ, ಅರಮನೆಯನ್ನು ಮಾತ್ರ ನೋಡಿ ತೆಗಳಿದರೂ ಅರ್ಧ.

— ನಿಮ್ಮ ತಾಯಿ ಏನಂದರು ಇದಕ್ಕೆ?

— ಬೀಟೆಯ ಮರಕ್ಕೆ ದಂತ ಕೂರಿಸಿದ ಬಾಗಿಲೊಂದನ್ನು ನೋಡುತ್ತಿದ್ದಾಗ ನಾನು ಈ ಖರ್ಚಿನ ಮಾತೆತ್ತಿದ್ದೆ. ಅವರು ಬಳ್ಳಿಯ ಕೆತ್ತನೆಯನ್ನು ತೋರಿಸಿ, ‘ದುಡ್ಡು ಕೊಟ್ಟೋರು ಒಬ್ಬರು, ಕಣ್ಣು ಕೊಟ್ಟೋರು ಇನ್ನೊಬ್ಬರು. ಇದನ್ನ ಕೆತ್ತಿದೋನ ಹೆಸರು ಎಲ್ಲಿ ಬರೆದಿದ್ದಾರೆ ಹುಡುಕು’ ಅಂದರು. ನಿಮ್ಮ ಪ್ರಶ್ನೆಗಿಂತ ಇದು ಇನ್ನೂ ಕಠಿಣ. ಆ ಕೈಗಳನ್ನು ಗೌರವಿಸುವುದಕ್ಕಾದರೂ ನಾವು ನಿಧಾನವಾಗಿ ನೋಡಬೇಕು.

— ಮೇಲಿನ ದರ್ಬಾರು ಹಜಾರಕ್ಕೆ ಮೆಟ್ಟಿಲು ಹತ್ತಬೇಕಲ್ಲ?

— ಹತ್ತಬೇಕು. 155 ಅಡಿ ಉದ್ದದ ಹಜಾರ, ಸಾಲುಗಂಬ, ಎದುರಿಗೆ ತೆರೆದ ಅಂಗಳ, ದೂರದಲ್ಲಿ ಕೋಟೆಯ ಬಾಗಿಲು. ಅದರಾಚೆ ಅಂಬಾವಿಲಾಸ, ಖಾಸಾ ದರ್ಬಾರಿನ ಜಾಗ. ನೋಡಲೇಬೇಕಾದದ್ದು, ನಿಜ. ಆದರೆ ತೀರ್ಮಾನ ಅವರಿಗೆ ಬಿಡಿ. ‘ಆಗುತ್ತಾ ಅಮ್ಮ?’ ಅಂತ ಕೇಳಿದರೆ ಆಗುತ್ತೆ ಅಂದೇ ಅನ್ನುತ್ತಾರೆ, ಮಕ್ಕಳಿಗೆ ಬೇಸರವಾಗಬಾರದು ಅಂತ. ‘ಇಲ್ಲೇ ಸ್ವಲ್ಪ ಕೂರೋಣ, ನನಗೂ ಕಾಲು ನೋಯುತ್ತೆ’ ಅಂತ ನೀವೇ ಮೊದಲು ಕೂರಿ. ಹತ್ತು ನಿಮಿಷ ಕಳೆದ ಮೇಲೆ ಅವರಾಗಿ ಎದ್ದರೆ ಹತ್ತಿ, ಏಳದಿದ್ದರೆ ಬೇಡ. ನಾವು ಹತ್ತಿದೆವು, ಮೆಟ್ಟಿಲಿಗೊಮ್ಮೆ ನಿಂತು. ಹಜಾರದ ಕಂಬಕ್ಕೆ ಒರಗಿ ಅಂಗಳವನ್ನು ನೋಡಿದಾಗ ಅಮ್ಮ ತಾವು ಅಪ್ಪನ ಹೆಗಲ ಮೇಲೆ ಕೂತಿದ್ದ ಜಾಗ ಸುಮಾರು ಎಲ್ಲಿರಬೇಕು ಅಂತ ಗುರುತಿಸಿದರು. ಅಂದು ಕೆಳಗಿನಿಂದ ಮೇಲೆ ನೋಡಿದ್ದವರು, ಈಗ ಮೇಲಿನಿಂದ ಕೆಳಗೆ. ಒಬ್ಬ ರೈತನ ಮಗಳು ದರ್ಬಾರು ಹಜಾರದಲ್ಲಿ ನಿಲ್ಲಲು ಟಿಕೆಟು ಸಾಕು ಅನ್ನುವ ಕಾಲ ಬಂದದ್ದು ಸಣ್ಣ ಸಂಗತಿಯಲ್ಲ.

— ಆಮೇಲೆ ಜಗನ್ಮೋಹನಕ್ಕೆ ಹೋದಿರಾ?

— ಮಧ್ಯಾಹ್ನ ರೂಮಿನಲ್ಲಿ ಮಲಗಿ ಎದ್ದು, ನಾಲ್ಕರ ಹೊತ್ತಿಗೆ. 1915ರಿಂದ ಅದು ಚಿತ್ರಶಾಲೆ. ರವಿವರ್ಮನ ಚಿತ್ರಗಳಿವೆ, ಪುರಾಣದ ಹೆಂಗಸರೆಲ್ಲ ಅಲ್ಲಿದ್ದಾರೆ. ಆದರೆ ಜನ ಹುಡುಕಿಕೊಂಡು ಹೋಗುವುದು ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು. ಬೆರಳಿನ ಸಂದಿಯಿಂದ ಬೆಳಕು ತೂರಿ ಮುಖಕ್ಕೆ ಬೀಳುವ ಆ ಚಿತ್ರವನ್ನು ಎಷ್ಟೋ ಜನ ರವಿವರ್ಮನದೆಂದೇ ತಿಳಿದಿದ್ದಾರೆ. ಬರೆದವರು ಹಲ್ದಣಕರ್. ರೂಪದರ್ಶಿಯಾಗಿ ನಿಂತದ್ದು ಅವರ ಮಗಳು ಗೀತಾ. ಅಮ್ಮನಿಗೆ ಇದನ್ನು ಹೇಳಿದಾಗ, ‘ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ’ ಅಂದರು. ‘ಮಗಳ ಕೈ ಸುಡಬಾರದು ಅನ್ನೋ ಭಯ ಇರುತ್ತಲ್ಲ ಬರೆಯೋವಾಗ.’

— ಹೆಣ್ಣುಮಕ್ಕಳ ಕಥೆಯೇ ಹೆಚ್ಚಾಯಿತು ನಿಮ್ಮ ಅರಮನೆಯಲ್ಲಿ.

— ಮೈಸೂರಿನಲ್ಲಿ ಹುಡುಕಿದರೆ ಇದೇ ಹೆಚ್ಚು ಸಿಗುತ್ತದೆ. ಯಾರ ಮದುವೆಯಲ್ಲಿ ಅರಮನೆ ಸುಟ್ಟಿತೋ ಆ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀ ವಿಲಾಸ ಇವತ್ತು ಮಾನಸಗಂಗೋತ್ರಿಯಲ್ಲಿದೆ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ನೆಲೆಯಾದದ್ದು ಅಲ್ಲೇ. ಒನಕೆ, ಮೊರ, ರಾಗಿಕಲ್ಲು ರಾಜಕುಮಾರಿಯ ಮನೆ ಸೇರಿದವು. ತಂಗಿ ಚೆಲುವಾಜಮ್ಮಣ್ಣಿಯವರ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಿಂದ ನಡೆಯುತ್ತಿದೆ. ಇನ್ನೊಬ್ಬ ತಂಗಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ಕೊಂಡೊಯ್ದಿತು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರಿಟ್ಟರು. ಆ ತಾಯಿಯ ಹೆಣ್ಣುಮಕ್ಕಳ ಮನೆ, ಹೆಸರುಗಳೆಲ್ಲ ಕೊನೆಗೆ ಊರಿನ ಉಪಯೋಗಕ್ಕೆ ಬಂದವು. ಇವನ್ನೆಲ್ಲ ಇಳಿದು ನೋಡಬೇಕಿಲ್ಲ. ಕಾರಿನಲ್ಲಿ ಹಾದುಹೋಗುವಾಗ ತೋರಿಸಿ ಹೇಳಿದರೂ ಸಾಕು.

— ಸಂಜೆಯ ದೀಪಾಲಂಕಾರಕ್ಕೆ ನಿಲ್ಲುವುದು ಕಷ್ಟವಾಗಲಿಲ್ಲವೇ?

— ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತುತ್ತವೆ. ಅರ್ಧ ಗಂಟೆ ಮೊದಲು ಹೋಗಿ ಕೂರಲು ಒಂದು ಕಟ್ಟೆ ಹಿಡಿದರೆ ಕಷ್ಟವಿಲ್ಲ. ನಾನು ಬೇಡಿಕೊಳ್ಳುವುದು ಇಷ್ಟೇ: ನಮ್ಮ ನಾಡಿನ ಯಾವ ಅರಮನೆ, ಕೋಟೆ, ದೇಗುಲವಾದರೂ ಸರಿ, ಹಜಾರಕ್ಕೊಂದು ಬೆಂಚು, ಮೆಟ್ಟಿಲಿಗೊಂದು ಹಿಡಿ, ಓದಲು ಬರುವಷ್ಟು ದೊಡ್ಡ ಅಕ್ಷರದ ಕನ್ನಡ ಫಲಕ ಇರಲಿ. ಕಂದಾಯ ಕಟ್ಟಿದ ಮನೆತನಗಳ ಕೊನೆಯ ಸಾಕ್ಷಿಗಳು ಬಂದಾಗ ಕೂರಿಸಿ ಮಾತಾಡಿಸುವಷ್ಟು ಜಾಗ ಬೇಕು.

— ಹೊರಡುವ ಮುಂಚೆ ಇನ್ನೇನಾದರೂ ನೆನಪಿಡಬೇಕೇ?

— ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಅವರು ಹೇಳಿದ್ದನ್ನು ಅಂದೇ ರಾತ್ರಿ, ಅವರ ಮಾತಿನಲ್ಲೇ ಬರೆಯಿರಿ. ಯಾವ ಊರಿನಿಂದ ಬಂದಿದ್ದರು, ಗಾಡಿಯೋ ರೈಲೋ, ಎಲ್ಲಿ ಉಳಿದುಕೊಂಡರು, ಬುತ್ತಿಗೆ ಏನು ಕಟ್ಟಿದ್ದರು, ಅಂಬಾರಿ ಎಷ್ಟು ಹತ್ತಿರದಿಂದ ಕಂಡಿತು. ಅರಸರ ದಿನಚರಿಯನ್ನು ಆಸ್ಥಾನದವರು ಬರೆದಿಟ್ಟಿದ್ದಾರೆ. ಬೀದಿಯ ಬದಿಯಲ್ಲಿ ನಿಂತು ನೋಡಿದ ಹುಡುಗಿಯ ನೆನಪನ್ನು ಬರೆದಿಡಬೇಕಾದವರು ನಾವು, ಅದಕ್ಕೆ ಉಳಿದಿರುವ ಕಾಲ ಬಹಳ ಇಲ್ಲ. ಮುಂದಿನ ರಜೆಗೆ ಕಾಯಬೇಡಿ, ಈ ತಿಂಗಳೇ ಹೋಗಿ.